ಗೋಲಿನ ಬೆಲೆಗೆ ಸಿಕ್ಕ ಕ್ಷಮೆ: ಸುವಾರೆಜ್ ಪ್ರಕರಣ ಮತ್ತು ಕಲಬುರಗಿಯ ಒಂದು ತಂಡ

ಉರುಗ್ವೆಯ ಫುಟ್‌ಬಾಲ್ ಆಟಗಾರ ಲೂಯಿಸ್ ಸುವಾರೆಜ್ ಎದುರಾಳಿಗಳನ್ನು ಮೂರು ಬಾರಿ ಕಚ್ಚಿದ್ದು ಫುಟ್‌ಬಾಲ್ ನೋಡುವ ಎಲ್ಲರಿಗೂ ಗೊತ್ತು. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಸಂಜೆ ಅಭ್ಯಾಸಕ್ಕೆ ಬರುವ ಹನ್ನೆರಡು ವರ್ಷದ ಹುಡುಗರೂ ಆ ಕಥೆಯನ್ನು ಅಭಿನಯಿಸಿ ತೋರಿಸುತ್ತಾರೆ. ಅದೇ ಸುವಾರೆಜ್ 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಕಪ್ಪು ವರ್ಣದ ಆಟಗಾರ ಪ್ಯಾಟ್ರಿಸ್ ಎವ್ರಾ ಅವರನ್ನು ಮೈಬಣ್ಣ ಹಿಡಿದು ನಿಂದಿಸಿದ್ದಕ್ಕೆ ಎಂಟು ಪಂದ್ಯಗಳ ನಿಷೇಧ ಅನುಭವಿಸಿದ್ದನ್ನು ಕೇಳಿದರೆ ಹುಡುಗರಿರಲಿ, ಅವರಿಗೆ ಆಟ ಕಲಿಸುವವರಲ್ಲಿಯೂ ಅನೇಕರು ಹುಬ್ಬೇರಿಸುತ್ತಾರೆ. ಈ ಪ್ರಕರಣದ ಅತಿ ಭಾರವಾದ ಭಾಗವೇ ಜನರ ನೆನಪಿನಿಂದ ಜಾರಿಹೋಗಿದೆ. ಅದು ಹೇಗೆ ಜಾರಿತು ಎಂಬುದನ್ನು ತಿಳಿದುಕೊಂಡರೆ, ತಪ್ಪು ಮಾಡಿದ ಆಟಗಾರನಿಗೆ ಮತ್ತೊಂದು ಅವಕಾಶ ಕೊಡುವಾಗ ಎಲ್ಲಿ ಎಡವುತ್ತೇವೆ ಎಂಬುದೂ ತಿಳಿಯುತ್ತದೆ.

ಕಲಬುರಗಿ, ಯಾದಗಿರಿ, ಬೀದರ್ ಭಾಗದ ಕೆಲವು ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ತರಬೇತುದಾರರು ಸೇರಿ ಈ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ನೋಡಿದೆವು. ಆ ಚರ್ಚೆಯಲ್ಲಿ ತೀರ್ಮಾನವಾದದ್ದು, ತೀರ್ಮಾನವಾಗದೆ ಉಳಿದದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತಪ್ಪು, ಮೊದಲ ಮಾರಾಟ

ಸುವಾರೆಜ್ ಹುಟ್ಟಿದ್ದು 1987ರ ಜನವರಿ 24ರಂದು, ಉರುಗ್ವೆಯ ಸಾಲ್ಟೊ ಪಟ್ಟಣದಲ್ಲಿ. ಏಳು ಮಂದಿ ಅಣ್ಣತಮ್ಮಂದಿರ ಬಡ ಮನೆ. ಅವರು ಏಳು ವರ್ಷದವರಾಗಿದ್ದಾಗ ಕುಟುಂಬ ರಾಜಧಾನಿ ಮಾಂಟೆವಿಡಿಯೊಗೆ ವಲಸೆ ಬಂತು. ಕೆಲವೇ ವರ್ಷಗಳಲ್ಲಿ ತಂದೆತಾಯಿ ಬೇರೆಯಾದರು. ನ್ಯಾಸಿಯೋನಲ್ ಕ್ಲಬ್ಬಿನಲ್ಲಿ ಬೆಳೆದ ಹುಡುಗ 2006ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ತಂಡಕ್ಕೆ, ಮರುವರ್ಷ ಅಯಾಕ್ಸ್‌ಗೆ ಹೋದರು. 2009-10ರ ಋತುವಿನಲ್ಲಿ ಡಚ್ ಲೀಗ್ ಒಂದರಲ್ಲೇ 35 ಗೋಲು ಹೊಡೆದರು.

ನಮ್ಮ ಭಾಗದ ಶಿಕ್ಷಕರಿಗೆ ಈ ಬಾಲ್ಯ ಅಪರಿಚಿತವಲ್ಲ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಗುಳೆ ಹೋಗಿ, ಅಜ್ಜಿಯ ಮನೆಯಲ್ಲೋ ಹಾಸ್ಟೆಲ್ಲಿನಲ್ಲೋ ಉಳಿದ ಮಕ್ಕಳು ಪ್ರತಿ ತಂಡದಲ್ಲಿಯೂ ಇರುತ್ತಾರೆ. ಸಿಟ್ಟು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬಡತನ ಒಂದು ಉತ್ತರವಾಗಬಹುದು. ಆದರೆ ಅದೇ ಹಾಸ್ಟೆಲ್ಲಿನಲ್ಲಿ, ಅದೇ ಅನ್ನ ಉಂಡು, ಯಾರ ಮೇಲೂ ಕೈ ಎತ್ತದ ಇಪ್ಪತ್ತು ಮಕ್ಕಳಿರುತ್ತಾರೆ. ಹಾಗಾಗಿ ಹಿನ್ನೆಲೆಯನ್ನು ತಿಳಿದುಕೊಳ್ಳಬೇಕು, ಅದನ್ನೇ ತೀರ್ಪು ಮಾಡಿಕೊಳ್ಳಬಾರದು ಎಂದು ನಾನು ಅಂದು ವಾದಿಸಿದೆ, ಇಂದೂ ವಾದಿಸುತ್ತೇನೆ.

2010ರ ನವೆಂಬರ್ 20. ಅಯಾಕ್ಸ್ ಮತ್ತು ಪಿಎಸ್‌ವಿ ನಡುವಿನ ಪಂದ್ಯ ಗೋಲಿಲ್ಲದೆ ಕೊನೆಯ ಹಂತ ತಲುಪಿತ್ತು. ತಳ್ಳಾಟದ ನಡುವೆ ಸುವಾರೆಜ್ ಎದುರಾಳಿ ಒಟ್ಮನ್ ಬಕ್ಕಲ್ ಅವರ ಹೆಗಲಿಗೆ ಹಲ್ಲು ಹಾಕಿದರು. ಅವರದೇ ಕ್ಲಬ್ ಎರಡು ಪಂದ್ಯಗಳ ಅಮಾನತು ಮತ್ತು ದಂಡ ವಿಧಿಸಿತು. ಡಚ್ ಫುಟ್‌ಬಾಲ್ ಸಂಸ್ಥೆ ಅದನ್ನು ಏಳು ಪಂದ್ಯಗಳಿಗೆ ಏರಿಸಿತು. ಮೂರು ತಿಂಗಳು ತುಂಬುವ ಮೊದಲೇ, 2011ರ ಜನವರಿ ಕೊನೆಯಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ಸುಮಾರು 2.28 ಕೋಟಿ ಪೌಂಡ್ ಕೊಟ್ಟು ಅವರನ್ನು ಕೊಂಡುಕೊಂಡಿತು. ಕಚ್ಚಿದವನ ಮನಸ್ಸಿನಲ್ಲಿ ಆ ಕ್ಷಣ ಏನಾಯಿತು ಎಂದು ಕುಳಿತು ಕೇಳಬೇಕಾದ ಹೊತ್ತಿನಲ್ಲಿ ಮಾರಾಟದ ಕಾಗದ ಸಿದ್ಧವಾಗುತ್ತಿತ್ತು.

ಎವ್ರಾ

2011ರ ಅಕ್ಟೋಬರ್ 15ರಂದು ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ 1-1ರಲ್ಲಿ ಸಮವಾದವು. ಪಂದ್ಯದ ನಡುವೆ ಸುವಾರೆಜ್ ತನ್ನ ಮೈಬಣ್ಣವನ್ನು ಎತ್ತಿ ಮಾತಾಡಿದರು ಎಂದು ಎವ್ರಾ ದೂರಿದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಸ್ವತಂತ್ರ ಆಯೋಗ ಇಬ್ಬರ ಹೇಳಿಕೆಯನ್ನೂ ಕೇಳಿ, ಭಾಷಾತಜ್ಞರ ಅಭಿಪ್ರಾಯ ಪಡೆದು, ಡಿಸೆಂಬರ್ 20ರಂದು ತೀರ್ಪು ಕೊಟ್ಟಿತು: ಎಂಟು ಪಂದ್ಯಗಳ ನಿಷೇಧ, 40,000 ಪೌಂಡ್ ದಂಡ. ಕಾರಣಗಳನ್ನು ವಿವರಿಸಿದ ವರದಿಯೇ 115 ಪುಟಗಳಷ್ಟಿತ್ತು.

ತೀರ್ಪಿನ ಮರುದಿನ ವಿಗನ್ ವಿರುದ್ಧದ ಪಂದ್ಯಕ್ಕೆ ಮುನ್ನ ಲಿವರ್‌ಪೂಲ್ ಆಟಗಾರರು ಸುವಾರೆಜ್ ಚಿತ್ರವಿರುವ ಟಿ-ಶರ್ಟ್ ತೊಟ್ಟು ಮೈದಾನಕ್ಕೆ ಇಳಿದರು. ವ್ಯವಸ್ಥಾಪಕ ಕೆನ್ನಿ ಡಾಲ್ಗ್ಲಿಷ್ ಕೂಡ ಅದೇ ಅಂಗಿಯಲ್ಲಿದ್ದರು. ನಿಂದನೆಗೆ ಗುರಿಯಾದ ಮನುಷ್ಯ ಟಿವಿಯಲ್ಲಿ ಇದನ್ನು ನೋಡುತ್ತಿರಬಹುದು ಎಂಬ ಯೋಚನೆ ಆ ಡ್ರೆಸ್ಸಿಂಗ್ ಕೋಣೆಯಲ್ಲಿ ಒಬ್ಬರಿಗಾದರೂ ಬಂದಿದ್ದರೆ ಆ ಅಂಗಿಗಳು ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವು. ತಾನು ಕೀಳಾಗಿಸುವ ಉದ್ದೇಶದಿಂದ ಆಡಿದ ಮಾತಲ್ಲ ಎಂದೇ ಸುವಾರೆಜ್ ಹೇಳುತ್ತ ಬಂದರು. ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ ಎಂಬ ಷರತ್ತಿನ ಮಾತು ಬಂತೇ ಹೊರತು, ಎವ್ರಾ ಹೆಸರು ಹಿಡಿದು ಕೇಳಿದ ಕ್ಷಮೆ ಬರಲಿಲ್ಲ. 2012ರ ಫೆಬ್ರುವರಿ 11ರಂದು ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ, ಪಂದ್ಯಕ್ಕೆ ಮುನ್ನ ಎವ್ರಾ ಚಾಚಿದ ಕೈಯನ್ನು ಬಿಟ್ಟು ಅವರು ಮುಂದಕ್ಕೆ ಸರಿದರು. ಪ್ರಾಯೋಜಕ ಬ್ಯಾಂಕು ಅಸಮಾಧಾನ ಹೊರಹಾಕಿತು. ಮರುದಿನ ಸುವಾರೆಜ್ ಮತ್ತು ಡಾಲ್ಗ್ಲಿಷ್ ಇಬ್ಬರೂ ಕ್ಷಮೆ ಕೇಳಿದರು. ಆದರೆ ಅದು ಕೈಕುಲುಕದೆ ಇದ್ದದ್ದಕ್ಕೆ.

ಆ ಟಿ-ಶರ್ಟ್ ದೊಡ್ಡ ತಪ್ಪಾಗಿತ್ತು ಎಂದು ಅಂದಿನ ತಂಡದ ಹಿರಿಯ ಆಟಗಾರ ಜೇಮಿ ಕ್ಯಾರಗರ್ ಟಿವಿ ಕಾರ್ಯಕ್ರಮವೊಂದರಲ್ಲಿ ಎವ್ರಾ ಎದುರಿನಲ್ಲಿಯೇ ಒಪ್ಪಿಕೊಂಡು ಕ್ಷಮೆ ಕೇಳಿದ್ದು 2019ರಲ್ಲಿ. ಎಂಟು ವರ್ಷ ಬೇಕಾಯಿತು.

ನಮ್ಮ ಚರ್ಚೆ ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ. ಬೀದರ್‌ನಿಂದ ಬಂದಿದ್ದ ಹಿರಿಯ ತರಬೇತುದಾರರೊಬ್ಬರು ನೇರವಾಗಿ ಹೇಳಿದರು: "ಸರ್, ನಮ್ಮ ಮೈದಾನದಲ್ಲಿ ಕಚ್ಚುವವರನ್ನು ನಾನು ನೋಡಿಲ್ಲ. ಜಾತಿ ಹಿಡಿದು ಬೈಯುವವರನ್ನು ನೋಡದ ವಾರವಿಲ್ಲ." ಯಾರೂ ಅಲ್ಲಗಳೆಯಲಿಲ್ಲ. ಬೈದವನಿಗೆ ಅದು ಆಟದ ಬಿಸಿಯಲ್ಲಿ ಬಾಯಿಂದ ಬಿದ್ದ ಮಾತು. ಕೇಳಿಸಿಕೊಂಡವನಿಗೆ ಅದು ಊರಿನ ಬಾವಿಕಟ್ಟೆಯಲ್ಲಿ, ಹೋಟೆಲಿನಲ್ಲಿ, ಶಾಲೆಯ ಸಾಲಿನಲ್ಲಿ ಕೇಳಿದ ಮಾತಿನದೇ ಮುಂದುವರಿಕೆ. ಕಚ್ಚಿದ ಗಾಯ ಕ್ಯಾಮೆರಾಗೆ ಕಾಣುತ್ತದೆ, ಅದನ್ನು ಜಗತ್ತು ವರ್ಷಗಟ್ಟಲೆ ಆಡಿಕೊಂಡು ನಗುತ್ತದೆ. ಮಾತಿನ ಗಾಯಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯ ತಡೆಗೆ ನಮ್ಮಲ್ಲಿ 1989ರಿಂದಲೂ ಕಾಯ್ದೆಯಿದೆ. ಸಾರ್ವಜನಿಕವಾಗಿ ಜಾತಿ ಹೆಸರಿನಲ್ಲಿ ನಿಂದಿಸಿ ಅವಮಾನಿಸುವುದು ಅಪರಾಧ. ಆದರೂ ಆಟದ ಮೈದಾನ ಆ ಕಾಯ್ದೆಯ ಹೊರಗಿದೆ ಎಂಬಂತೆ ನಡೆದುಕೊಳ್ಳುತ್ತೇವೆ.

ಒಂದು ವಿಷಯವನ್ನು ಮಾತ್ರ ಈ ಕಡತದಿಂದ ಹೊರಗಿಡಬೇಕು. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಘಾನಾದ ಗೆಲುವಿನ ಚೆಂಡನ್ನು ಸುವಾರೆಜ್ ಗೋಲಿನ ಗೆರೆಯ ಮೇಲೆ ಕೈಯಿಂದ ತಡೆದರು. ಅದನ್ನೂ ಅವರ ಪಾಪದ ಪಟ್ಟಿಗೆ ಸೇರಿಸುವುದು ರೂಢಿ. ಆದರೆ ಅಲ್ಲಿ ಕೆಂಪು ಕಾರ್ಡು ಬಂತು, ಪೆನಾಲ್ಟಿ ಬಂತು, ಅಸಮೋವಾ ಜಿಯಾನ್ ಹೊಡೆದ ಚೆಂಡು ಮೇಲಿನ ಕಂಬಕ್ಕೆ ತಗುಲಿತು. ನಿಯಮ ಹೇಳಿದ ಬೆಲೆಯನ್ನು ಅವರು ಅಲ್ಲೇ ತೆತ್ತರು. ಘಾನಾದವರಿಗೆ ಆದ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆಟದೊಳಗಿನ ವಂಚನೆಯನ್ನೂ ಮನುಷ್ಯನ ಮೇಲಿನ ದಾಳಿಯನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹುಡುಗರಿಗೆ ಎರಡರ ವ್ಯತ್ಯಾಸವೂ ತಿಳಿಯದೆ ಹೋಗುತ್ತದೆ.

ಕಚ್ಚುವ ಮುಂಚಿನ ನಿಮಿಷಗಳು

2013ರ ಏಪ್ರಿಲ್ 21ರಂದು ಚೆಲ್ಸಿ ವಿರುದ್ಧ ಬ್ರಾನಿಸ್ಲಾವ್ ಇವಾನೊವಿಚ್ ಅವರ ತೋಳು ಕಚ್ಚಿದ್ದಕ್ಕೆ ಹತ್ತು ಪಂದ್ಯಗಳ ನಿಷೇಧ. 2014ರ ಜೂನ್ 24ರಂದು ಬ್ರೆಜಿಲ್‌ನ ನತಾಲ್‌ನಲ್ಲಿ, ವಿಶ್ವಕಪ್ ಪಂದ್ಯದಲ್ಲಿ, ಇಟಲಿಯ ಜಾರ್ಜಿಯೊ ಕಿಯೆಲ್ಲಿನಿ ಅವರ ಹೆಗಲು ಕಚ್ಚಿದ್ದಕ್ಕೆ ಒಂಬತ್ತು ಅಂತಾರಾಷ್ಟ್ರೀಯ ಪಂದ್ಯಗಳ ನಿಷೇಧ, ನಾಲ್ಕು ತಿಂಗಳು ಫುಟ್‌ಬಾಲ್ ಸಂಬಂಧಿ ಯಾವ ಚಟುವಟಿಕೆಗೂ ಬರಬಾರದೆಂಬ ಆದೇಶ, ಒಂದು ಲಕ್ಷ ಸ್ವಿಸ್ ಫ್ರಾಂಕ್ ದಂಡ.

ಈ ಮೂರು ಘಟನೆಗಳನ್ನು ಪಕ್ಕಪಕ್ಕ ಇಟ್ಟು, ಕಚ್ಚಿದ ಕ್ಷಣವನ್ನು ಬಿಟ್ಟು ಅದರ ಹಿಂದಿನ ನಿಮಿಷಗಳನ್ನು ನೋಡಬೇಕು. ಅಯಾಕ್ಸ್ ಪಂದ್ಯ 0-0. ನಾಯಕನಾಗಿದ್ದರೂ ಗೋಲು ಬಂದಿರಲಿಲ್ಲ. ಚೆಲ್ಸಿ ಪಂದ್ಯದಲ್ಲಿ ಸುವಾರೆಜ್ ಅವರದೇ ಕೈಗೆ ಚೆಂಡು ತಗುಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತ್ತು, ತಂಡ 1-2ರಿಂದ ಹಿಂದಿತ್ತು. ಕೆಲವೇ ನಿಮಿಷಗಳಲ್ಲಿ ಹಲ್ಲು ಬಿತ್ತು. ಇಟಲಿ ಪಂದ್ಯದಲ್ಲಿ ಉರುಗ್ವೆ ಗೆಲ್ಲಲೇಬೇಕಿತ್ತು, 0-0 ಇತ್ತು, ಅವರ ಒಂದು ಒಳ್ಳೆಯ ಹೊಡೆತವನ್ನು ಇಟಲಿಯ ಗೋಲಿ ಬುಫೋನ್ ತಡೆದಿದ್ದರು. ಮೂರೂ ಬಾರಿ ತಂಡ ಗೆಲ್ಲುತ್ತಿರಲಿಲ್ಲ, ಗೆಲ್ಲಿಸುವ ಹೊರೆ ತನ್ನ ಮೇಲೆಯೇ ಇದೆ ಎಂದು ನಂಬಿದ ಮನುಷ್ಯ ಅದನ್ನು ಮಾಡಲಾಗದೆ ಒದ್ದಾಡುತ್ತಿದ್ದ. ಎರಡನೆಯ ಘಟನೆಯ ಹೊತ್ತಿಗೇ ಇದು ಯಾರ ಕಣ್ಣಿಗಾದರೂ ಬೀಳಬೇಕಿತ್ತು.

ಬೀಳದೆ ಹೋಗಲು ಕಾರಣ ಆ ಚೆಲ್ಸಿ ಪಂದ್ಯದಲ್ಲೇ ಇದೆ. ಕಚ್ಚಿದ್ದು ರೆಫ್ರಿಗೆ ಕಾಣಲಿಲ್ಲ. ಸುವಾರೆಜ್ ಮೈದಾನದಲ್ಲೇ ಉಳಿದು, 97ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು 2-2 ಮಾಡಿದರು. ಅಂದೇ ಕ್ಷಮೆ ಕೇಳಿದರು, ಇವಾನೊವಿಚ್‌ಗೆ ಫೋನ್ ಮಾಡಿದರು. ಕ್ಲಬ್ ದಂಡ ಹಾಕಿತು. ಆಟಗಾರರ ಸಂಘ ಸಿಟ್ಟಿನ ನಿಯಂತ್ರಣಕ್ಕೆ ಆಪ್ತಸಮಾಲೋಚನೆಯ ನೆರವು ಕೊಡಲು ಮುಂದೆ ಬಂತು. ತಪ್ಪಿನ ಗಾಂಭೀರ್ಯ ಅವರಿಗೆ ಪೂರ್ತಿ ಅರಿವಾಗಿಲ್ಲ ಎಂದು ಶಿಸ್ತು ಆಯೋಗ ಬರೆಯಿತು. ಹತ್ತು ಪಂದ್ಯ ಹೆಚ್ಚಾಯಿತೆಂದು ಕ್ಲಬ್ ಬೇಸರಿಸಿತು. ನಿಷೇಧ ಮುಗಿಸಿ ಬಂದವರು 2013-14ರ ಪ್ರೀಮಿಯರ್ ಲೀಗ್‌ನಲ್ಲಿ 33 ಪಂದ್ಯಗಳಿಗೆ 31 ಗೋಲು ಹೊಡೆದರು, ವರ್ಷದ ಆಟಗಾರ ಪ್ರಶಸ್ತಿ ಪಡೆದರು. ಹಾಲು ಕೊಡುವ ಎಮ್ಮೆ ಒದ್ದರೂ ತಾಳಿಕೊಳ್ಳಬೇಕು ಎನ್ನುವ ಲೆಕ್ಕ ಇದು. ಒದೆಸಿಕೊಂಡವನು ಬೇರೆಯವನಾದಾಗ ಈ ಲೆಕ್ಕ ಇನ್ನೂ ಸುಲಭ. ಗೋಲುಗಳು ಬರತೊಡಗಿದ ಮೇಲೆ, ಆ ಸಿಟ್ಟು ಮತ್ತೆ ಯಾವಾಗ ಬರುತ್ತದೆ ಎಂಬ ಪ್ರಶ್ನೆ ಮೇಜಿನಿಂದ ಕೆಳಗೆ ಬಿತ್ತು. ಉತ್ತರ ನತಾಲ್‌ನಲ್ಲಿ ಸಿಕ್ಕಿತು.

ನತಾಲ್‌ನ ನಂತರ ಮೊದಲು ಬಂದದ್ದು ನಿರಾಕರಣೆ: ಆಯ ತಪ್ಪಿ ಎದುರಾಳಿಯ ಮೇಲೆ ಬಿದ್ದೆ ಎಂದು ಸುವಾರೆಜ್ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾಗೆ ತಿಳಿಸಿದರು. ಅವರ ದೇಶ ಅವರ ಹಿಂದೆ ನಿಂತಿತು. ಅಧ್ಯಕ್ಷ ಹೊಸೆ ಮುಹಿಕಾ ಫಿಫಾವನ್ನೇ ಬೈದರು, ಕೋಚ್ ಆಸ್ಕರ್ ತಬಾರೆಜ್ ಫಿಫಾದಲ್ಲಿ ತಾವು ಹೊಂದಿದ್ದ ಹೊಣೆಯನ್ನು ಬಿಟ್ಟರು. ಜೂನ್ 30ರಂದು ಸುವಾರೆಜ್ ತಪ್ಪೊಪ್ಪಿಕೊಂಡು ಕಿಯೆಲ್ಲಿನಿಯ ಕ್ಷಮೆ ಕೇಳಿದರು. ಕಿಯೆಲ್ಲಿನಿ ಕ್ಷಮಿಸಿದರಲ್ಲದೆ ಶಿಕ್ಷೆ ಹೆಚ್ಚಾಯಿತೆಂದೂ ಹೇಳಿದರು. ಗಾಯಗೊಂಡವನೇ ಆಡಿದ ಕಾರಣಕ್ಕೆ ಆ ಮಾತಿಗೆ ತೂಕವಿದೆ. ಅದೇ ಮಾತನ್ನು ಒಬ್ಬ ಅಧ್ಯಕ್ಷ ಅಥವಾ ಕ್ಲಬ್ ಅಧಿಕಾರಿ ಹೇಳಿದರೆ ಆ ತೂಕ ಬರುವುದಿಲ್ಲ.

ಮೂರು ವಾರ ಕಳೆಯುವ ಮೊದಲೇ ಬಾರ್ಸಿಲೋನಾ ಸುಮಾರು 8 ಕೋಟಿ ಯೂರೋ ಕೊಟ್ಟು ಅವರನ್ನು ಕರೆದೊಯ್ದಿತು. ಹಾಗೆ ನೋಡಿದರೆ ಇದೂ ಹಳೆಯ ವ್ಯಾಪಾರವೇ. ಆದರೆ ಈ ಬಾರಿ ಎರಡು ಸಂಗತಿಗಳು ಬೇರೆಯಿದ್ದವು. ಪರಿಣತರ ನೆರವು ಪಡೆಯುತ್ತಿರುವುದಾಗಿ ಆ ವರ್ಷ ಸುವಾರೆಜ್ ತಾವೇ ಹೇಳಿಕೊಂಡರು. ಇನ್ನೊಂದು, ಕ್ರೀಡಾ ವ್ಯಾಜ್ಯಗಳ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಆಗಸ್ಟ್‌ನಲ್ಲಿ ನಿಷೇಧವನ್ನು ಎತ್ತಿಹಿಡಿದರೂ ತಂಡದೊಂದಿಗೆ ಅಭ್ಯಾಸ ಮಾಡಲು ಬಿಟ್ಟಿತು. ಪಂದ್ಯವಿಲ್ಲ, ಆದರೆ ಜೊತೆಗಾರರ ಸಂಗವಿದೆ. ಅಕ್ಟೋಬರ್ ಕೊನೆಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಮೈದಾನಕ್ಕಿಳಿದ ಅವರು ಬಾರ್ಸಿಲೋನಾಕ್ಕೆ 283 ಪಂದ್ಯಗಳಲ್ಲಿ 198 ಗೋಲು ಹೊಡೆದರು. ಅಲ್ಲಿ ಇದ್ದ ಆರು ವರ್ಷಗಳಲ್ಲಿ ಯಾರನ್ನೂ ಕಚ್ಚಲಿಲ್ಲ. ಅಂತಾರಾಷ್ಟ್ರೀಯ ನಿಷೇಧವನ್ನೂ ಪೂರ್ತಿ ಅನುಭವಿಸಿದರು. 2015ರ ಕೋಪಾ ಅಮೆರಿಕ ತಪ್ಪಿತು, 2016ರ ಮಾರ್ಚ್‌ನಲ್ಲಿ ಬ್ರೆಜಿಲ್ ವಿರುದ್ಧ ಮರಳಿ ಗೋಲು ಹೊಡೆದರು.

ಹಾಗಾದರೆ ಮನುಷ್ಯ ಬದಲಾದನೇ? 2025ರ ಆಗಸ್ಟ್ 31ರಂದು ಅಮೆರಿಕದ ಲೀಗ್ಸ್ ಕಪ್ ಫೈನಲ್‌ನಲ್ಲಿ ಅವರ ಅಂದಿನ ತಂಡ ಇಂಟರ್ ಮಯಾಮಿ 0-3ರಿಂದ ಸಿಯಾಟಲ್ ಎದುರು ಸೋತಿತು. ಪಂದ್ಯ ಮುಗಿದ ಮೇಲಿನ ಜಗಳದಲ್ಲಿ 38 ವರ್ಷದ ಸುವಾರೆಜ್ ಎದುರಾಳಿ ತಂಡದ ಸಿಬ್ಬಂದಿಯೊಬ್ಬರ ಮೇಲೆ ಉಗುಳಿದರು. ಆ ಟೂರ್ನಿಯಲ್ಲಿ ಆರು ಪಂದ್ಯ, ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ ಮೂರು ಪಂದ್ಯ ನಿಷೇಧ, ಮತ್ತೆ ಕ್ಷಮೆ. ಮತ್ತೆ ಸೋಲಿನ ಹೊತ್ತೇ. ಬದಲಾವಣೆ ಸುಳ್ಳಾಗಿತ್ತು ಎಂದು ನಾನು ಹೇಳುವುದಿಲ್ಲ. ಹನ್ನೊಂದು ವರ್ಷ ಕಾಯ್ದುಕೊಂಡದ್ದು ಸಣ್ಣ ಸಂಗತಿಯಲ್ಲ. ಆ ಸಿಟ್ಟಿಗೆ ಆಯುಷ್ಯವಿಡೀ ಕಾವಲು ಬೇಕು, ಒಂದು ಶಿಕ್ಷೆಯಿಂದಲೋ ಒಂದು ಕ್ಷಮೆಯಿಂದಲೋ ಅದು ತೀರುವುದಿಲ್ಲ ಎಂಬುದು ನನ್ನ ಓದು.

ನಮ್ಮ ತಂಡದಲ್ಲಿ

ಈ ಕಡತವನ್ನು ನಾವು ತೆರೆದದ್ದು ನಮ್ಮದೇ ತಂಡದ ಹುಡುಗನೊಬ್ಬನ ಕಾರಣಕ್ಕೆ. ಯಾದಗಿರಿ ಜಿಲ್ಲೆಯ ಹಳ್ಳಿಯವನು, ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಾನೆ. ತಂದೆತಾಯಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಎಡಗಾಲಿನಲ್ಲಿ ಚೆಂಡು ಸಿಕ್ಕರೆ ಅವನನ್ನು ಹಿಡಿಯುವ ಹುಡುಗ ಈ ಭಾಗದಲ್ಲಿಲ್ಲ. ಎದುರಾಳಿಗೆ ತಲೆಯಿಂದ ಗುದ್ದಿದ್ದನ್ನೂ ರೆಫ್ರಿಯ ಕೈಯಿಂದ ಸೀಟಿ ಕಸಿದು ಎಸೆದದ್ದನ್ನೂ ಹುಡುಗಾಟವೆಂದು ಎಲ್ಲರೂ ಮರೆತಿದ್ದರು. ಜಿಲ್ಲಾ ಮಟ್ಟದ ಪಂದ್ಯವೊಂದರಲ್ಲಿ ತಂಡ ಹಿಂದಿದ್ದಾಗ ಆಫ್‌ಸೈಡ್ ಬಾವುಟ ಎತ್ತಿದ ಲೈನ್ಸ್‌ಮನ್ ಎದೆಗೆ ಕೈ ಹಾಕಿ ತಳ್ಳಿದ, ಅವರ ಜಾತಿ ಎತ್ತಿ ಬೈದ. ಲೈನ್ಸ್‌ಮನ್ ಐವತ್ತು ದಾಟಿದವರು. ಹಗಲೆಲ್ಲ ತಮ್ಮ ಕೆಲಸ ಮಾಡಿ, ಸಂಜೆ ಆಟದ ಮೇಲಿನ ಪ್ರೀತಿಗೆ ಬಾವುಟ ಹಿಡಿಯಲು ಬರುವವರು.

ಆ ಪಂದ್ಯ ಗೆದ್ದೆವು. ವಿಭಾಗ ಮಟ್ಟದ ಪಂದ್ಯಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. "ಗೆಲ್ಲಿಸಿಕೊಡುವ ಹುಡುಗನನ್ನು ಕೂರಿಸಿ ಏನು ಸಾಧಿಸುತ್ತೀರಿ? ಕ್ರೀಡಾ ಕೋಟಾದಲ್ಲಿ ಅವನ ಬದುಕು ಕಟ್ಟಿಕೊಳ್ಳಬೇಕು, ಆ ಪ್ರಮಾಣಪತ್ರ ತಪ್ಪಿಸಬೇಡಿ ಸರ್" ಎಂದು ಶಿಕ್ಷಕರೊಬ್ಬರು ಕಳಕಳಿಯಿಂದಲೇ ಕೇಳಿದರು. ಬಡ ಹುಡುಗನ ಪ್ರಮಾಣಪತ್ರದ ಮಾತು ಹಗುರವಾದದ್ದಲ್ಲ. ಆದರೆ ಆ ಕೋಣೆಯಲ್ಲಿ ಲೈನ್ಸ್‌ಮನ್ ಇರಲಿಲ್ಲ. ಕ್ಷಮಿಸಬೇಕೋ ಬೇಡವೋ ಎಂದು ಅವರನ್ನು ಕೇಳದೆ ನಾವು ಚಹಾ ಕುಡಿಯುತ್ತ ತೀರ್ಮಾನಿಸಹೊರಟಿದ್ದೆವು. ಟಿ-ಶರ್ಟ್ ಒಂದು ಬಾಕಿಯಿತ್ತು ಅಷ್ಟೇ.

ವಿಭಾಗ ಮಟ್ಟಕ್ಕೆ ಅವನನ್ನು ಆಡಿಸಲಿಲ್ಲ. ಅಭ್ಯಾಸಕ್ಕೆ ಬರುವುದನ್ನು ಮಾತ್ರ ತಪ್ಪಿಸಲಿಲ್ಲ. ಮನೆಯವರು ದೂರವಿರುವ ಹುಡುಗನನ್ನು ಮೈದಾನದಿಂದಲೂ ಓಡಿಸಿದರೆ ಅವನ ಸಿಟ್ಟನ್ನು ನೋಡಿಕೊಳ್ಳುವವರು ಯಾರೂ ಉಳಿಯುವುದಿಲ್ಲ. ತಂಡ ಹಿಂದೆ ಬಿದ್ದಾಗ ನಾಯಕ ಅವನ ಹತ್ತಿರವೇ ಆಡಬೇಕು, ಮೈ ಬಿಸಿಯಾದದ್ದು ಅರಿವಾದರೆ ಅವನು ತಾನಾಗಿ ಕೈ ಎತ್ತಬೇಕು, ಎತ್ತಿದರೆ ಪ್ರಶ್ನೆ ಕೇಳದೆ ಹೊರಗೆ ಕರೆದುಕೊಳ್ಳುವುದು ನನ್ನ ಹೊಣೆ ಎಂದು ಗೊತ್ತುಮಾಡಿಕೊಂಡೆವು. ಅಭ್ಯಾಸ ಪಂದ್ಯಗಳಲ್ಲಿ ಅವನು ಈಗ ಕೈ ಎತ್ತುತ್ತಾನೆ.

ಪೊಲೀಸರಿಗೆ ದೂರು ಕೊಡುವುದು ಬಿಡುವುದು ತಮ್ಮ ಇಷ್ಟ, ಕೊಟ್ಟರೆ ನಾವು ಸಾಕ್ಷಿ ಹೇಳುತ್ತೇವೆ ಎಂದು ಲೈನ್ಸ್‌ಮನ್‌ಗೆ ತಿಳಿಸಿದೆವು. ಅವರು ದೂರು ಕೊಡಲಿಲ್ಲ, ಹುಡುಗನನ್ನು ನೋಡಲೂ ಒಪ್ಪಲಿಲ್ಲ. ಅತ್ತ ಹುಡುಗನ ತಾಯಿ ಫೋನಿನಲ್ಲಿ ಅತ್ತು, "ಅವರ ಕಾಲಿಗೆ ಬೀಳಿಸಿರಿ ಸರ್, ನನ್ನ ಮಗ ಹಾಗೆ ಬೆಳೆದವನಲ್ಲ" ಎಂದರು. ಎಷ್ಟೋ ದಿನಗಳ ನಂತರ ಲೈನ್ಸ್‌ಮನ್ ಹೇಳಿದ್ದು ಇಷ್ಟು: "ಕಾಲು ಮುಟ್ಟುವುದು ಬೇಡ. ಅಂದದ್ದು ಎಲ್ಲರೆದುರು. ತಪ್ಪಾಯಿತು ಎನ್ನುವುದೂ ಎಲ್ಲರೆದುರು ಆಗಲಿ, ಏನು ಅಂದೆ ಎಂಬುದನ್ನೂ ಹೇಳಲಿ." ಎರಡೂ ತಂಡಗಳ ಹುಡುಗರ ಮುಂದೆ ಅವನು ಹೇಳಿದ. ನೋವಾಗಿದ್ದರೆ ಎಂಬ ಮಾತನ್ನು ಸೇರಿಸಲಿಲ್ಲ.

ಅವನಿಲ್ಲದ ತಂಡ ವಿಭಾಗ ಮಟ್ಟದ ಮೊದಲ ಪಂದ್ಯದಲ್ಲೇ ಸೋತಿತು. ಆ ಶಿಕ್ಷಕರು ಇಂದಿಗೂ ನನ್ನ ನಿರ್ಧಾರವನ್ನು ಒಪ್ಪಿಲ್ಲ. ಲೈನ್ಸ್‌ಮನ್ ಮತ್ತೆ ಬಾವುಟ ಹಿಡಿಯುತ್ತಿದ್ದಾರೆ, ಆದರೆ ಆ ಹುಡುಗ ಆಡುವ ಪಂದ್ಯಗಳಿಗೆ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಮನಸ್ಸು ಬದಲಿಸಿಕೊಳ್ಳಿ ಎಂದು ಅವರನ್ನು ಯಾರೂ ಒತ್ತಾಯಿಸುವುದಿಲ್ಲ. ಪಂದ್ಯಗಳಿಗೆ ಅಧಿಕಾರಿಗಳ ಪಟ್ಟಿ ಬರೆಯುವಾಗ ಮೊದಲು ಅವರಿಗೆ ಬೇಕಾದ ಪಂದ್ಯಗಳನ್ನು ಕೇಳಿ ಹೆಸರು ಹಾಕುತ್ತೇವೆ, ಉಳಿದವಕ್ಕೆ ಬೇರೆಯವರನ್ನು ಹುಡುಕುತ್ತೇವೆ.